ಮೊದಲ ಡರ್ಟ್ ರೇಸಿಗೆ ಹೊರಡುವ ಮುನ್ನ: ಹೆಲ್ಮೆಟ್, ಬೂಟು, ಬೈಕು, ಮೈ ಸಜ್ಜುಗೊಳಿಸುವ ಕ್ರಮ

ಡರ್ಟ್ ರೇಸಿನ ದಿನ ಬೆಳಿಗ್ಗೆ ಪ್ಯಾಡಕ್ಕಿನಲ್ಲಿ, ಅಂದರೆ ಸವಾರರು ಬೈಕು ಸಜ್ಜುಮಾಡುವ ಜಾಗದಲ್ಲಿ, ಒಂದು ಸುತ್ತು ಹೊಡೆದರೆ ಮೊದಲ ಸಲ ಬಂದವರನ್ನು ಥಟ್ಟನೆ ಗುರುತಿಸಬಹುದು. ಬೈಕಿಗೆ ಹೊಸ ಚೈನು, ಮಣ್ಣಿಗೆಂದೇ ಉಬ್ಬುಗಟ್ಟೆಗಳಿರುವ ಹೊಸ ನಾಬಿ ಟೈರು, ಹೊಸ ಸ್ಟಿಕ್ಕರ್ ಎಲ್ಲ ಇರುತ್ತದೆ. ಸವಾರನ ತಲೆಗೆ ಮಾತ್ರ ಗೆಳೆಯನ ಹೆಲ್ಮೆಟ್, ಕಾಲಿಗೆ ಟ್ರೆಕ್ಕಿಂಗ್ ಶೂ. ಇಂಥವರು ಸ್ಕ್ರೂಟಿನಿಯಲ್ಲಿ, ಅಂದರೆ ರೇಸಿಗೆ ಮುಂಚೆ ಬೈಕು ಮತ್ತು ಗೇರು ಪರೀಕ್ಷಿಸುವಲ್ಲಿ, ವಾಪಸ್ ಬರುತ್ತಾರೆ. ಅದನ್ನು ದಾಟಿದವರು ಎರಡನೇ ಲ್ಯಾಪಿಗೆ ತೋಳು ಕಲ್ಲಾಗಿ ಕ್ಲಚ್ ಹಿಡಿಯಲಾಗದೆ ನಿಲ್ಲುತ್ತಾರೆ. ಇನ್ನು ಕೆಲವರು ಗಾಗಲ್ಸಿನ ಮೇಲೆ ಕೂತ ಕೆಮ್ಮಣ್ಣನ್ನು ಗ್ಲೌಸಿನಲ್ಲಿ ಒರೆಸಿ, ದಾರಿಯೇ ಕಾಣದೆ ಪೊದೆಗೆ ನುಗ್ಗುತ್ತಾರೆ.

ಹಲವು ವರ್ಷಗಳಿಂದ ಹೊಸಬರಿಗೆ ಪ್ಯಾಡಕ್ಕಿನಲ್ಲಿ ಕೈಜೋಡಿಸುತ್ತ ಬಂದಿದ್ದೇನೆ. ಈ ಮೂರು ತಪ್ಪು ಪ್ರತಿ ಸಲವೂ ಕಾಣುತ್ತವೆ. ಮೂರಕ್ಕೂ ಕಾರಣ ದುಡ್ಡಿಲ್ಲದಿರುವುದಲ್ಲ, ಕ್ರಮ ತಪ್ಪುವುದು. ಬೈಕಿನ ಕೆಲಸ ಮೊದಲು ಮುಗಿಸಿ, ಉಳಿದ ಹಣದಲ್ಲಿ, ಉಳಿದ ವಾರದಲ್ಲಿ ಮೈಗೆ ಬೇಕಾದದ್ದನ್ನು ಹುಡುಕುತ್ತಾರೆ. ಅದನ್ನು ತಿರುಗಿಸಿ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ, ಎಂಟು ವಾರ ಮುಂಚೆಯೇ ಶುರುಮಾಡಿ.

ಹಂತ 1: ಯಾವ ರೇಸು, ಯಾವ ಕ್ಲಾಸು (ಎಂಟು ವಾರ ಮೊದಲು)

ಸಾಮಾನು ಕೊಳ್ಳುವ ಮೊದಲು ಕಾಗದ ಓದಬೇಕು. 'ಡರ್ಟ್ ರೇಸ್' ಅನ್ನುವ ಒಂದೇ ಹೆಸರಿನಡಿ ನಮ್ಮಲ್ಲಿ ಬೇರೆ ಬೇರೆ ಸ್ಪರ್ಧೆಗಳು ನಡೆಯುತ್ತವೆ. ಮೋಟೊಕ್ರಾಸ್, ಸೂಪರ್‌ಕ್ರಾಸ್‌ಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಜಂಪ್‌ಗಳಿರುತ್ತವೆ, ಮುಂದಿನ ಬೈಕಿನ ಹಿಂಚಕ್ರ ಎರಚುವ ಕಲ್ಲುಮಣ್ಣು ನೇರ ಎದೆಗೆ ಬಡಿಯುತ್ತದೆ. ಊರಿನ ಮೈದಾನದಲ್ಲಿ ನಡೆಯುವ ಡರ್ಟ್ ಟ್ರ್ಯಾಕ್ ರೇಸಿನಲ್ಲಿ ಜಂಪ್ ಕಡಿಮೆ, ತಿರುವು ಮತ್ತು ಧೂಳು ಹೆಚ್ಚು. ರ‍್ಯಾಲಿ ಸ್ಪ್ರಿಂಟ್ ಆದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಬೇಕು. ಅಲ್ಲಿ ಎದೆಗೆ ಕಲ್ಲು ಬಡಿಯುವುದು ಕಡಿಮೆ, ಆದರೆ ವೇಗ ಹೆಚ್ಚು, ಎಸ್ಟೇಟ್ ರಸ್ತೆಯಾದರೆ ಪಕ್ಕದಲ್ಲೇ ಸಿಲ್ವರ್ ಓಕ್ ಮರ. ನೀವು ಹೋಗುತ್ತಿರುವುದು ಯಾವುದಕ್ಕೆ ಎಂಬುದರ ಮೇಲೆ ಗೇರಿನ ಪಟ್ಟಿ ಬದಲಾಗುತ್ತದೆ.

ಎರಡನೆಯದು ಪರ್ಮಿಟ್. ದೇಶದಲ್ಲಿ ಮೋಟಾರ್ ಸ್ಪರ್ಧೆಗಳನ್ನು ನಿಯಂತ್ರಿಸುವ ಸಂಸ್ಥೆ ಎಫ್ಎಂಎಸ್‌ಸಿಐ. ಅದರ ಅನುಮತಿ ಪಡೆದ ರೇಸಿಗೆ ಸಪ್ಲಿಮೆಂಟರಿ ರೆಗ್ಯುಲೇಷನ್ಸ್ ಎಂಬ ನಿಯಮಾವಳಿ ಇರುತ್ತದೆ. ಬಾಯಿಮಾತಿನಲ್ಲಿ ಎಲ್ಲರೂ ಅದನ್ನು 'ಎಸ್ಆರ್' ಅನ್ನುತ್ತಾರೆ. ಕ್ಲಾಸು, ಸಿಸಿ ಮಿತಿ, ಕಡ್ಡಾಯ ಗೇರು, ಸ್ಕ್ರೂಟಿನಿ ಸಮಯ ಎಲ್ಲ ಅದರಲ್ಲೇ ಇದೆ. ಪ್ರಿಂಟ್ ತೆಗೆಸಿ, ಪೆನ್ನು ಹಿಡಿದು ಓದಿ. ಸ್ಪರ್ಧಾ ಲೈಸೆನ್ಸ್ ಬೇಕೆಂದಿದ್ದರೆ ಅರ್ಜಿಯನ್ನು ಇದೇ ವಾರ ಹಾಕಿ. ವೈದ್ಯರ ಸಹಿಯ ಫಾರಂ, ರಕ್ತದ ಗುಂಪು, ಹದಿನೆಂಟು ತುಂಬದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಪತ್ರ ಹೊಂದಿಸಲು ದಿನ ಹಿಡಿಯುತ್ತದೆ.

ಪರ್ಮಿಟ್ ಇಲ್ಲ, ಟ್ರ್ಯಾಕ್ ಪಕ್ಕ ಆಂಬುಲೆನ್ಸ್ ಇಲ್ಲ, ಪ್ರೇಕ್ಷಕರಿಗೂ ಟ್ರ್ಯಾಕಿಗೂ ನಡುವೆ ಬರೀ ಒಂದು ಹಗ್ಗ: ಇಂಥ ರೇಸಿಗೆ ಹೋಗಬೇಡಿ. ಎಂಟ್ರಿ ಫೀಸ್ ಕಟ್ಟಿದ್ದರೂ ಹೋಗಬೇಡಿ.

ಇನ್ಶೂರೆನ್ಸ್ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಬೈಕಿನ ಪಾಲಿಸಿ ತೆಗೆದು 'ಬಳಕೆಯ ಮಿತಿ' ಎಂಬ ಭಾಗ ನೋಡಿ. ಸಂಘಟಿತ ರೇಸು, ವೇಗ ಪರೀಕ್ಷೆಗಳಿಗೆ ಬೈಕ್ ಬಳಸಿದರೆ ಪಾಲಿಸಿ ಅನ್ವಯಿಸುವುದಿಲ್ಲ ಎಂದು ಅಲ್ಲಿ ಬರೆದಿರುತ್ತದೆ. ಆರೋಗ್ಯ ವಿಮೆಯಲ್ಲೂ ಅಪಾಯಕಾರಿ ಕ್ರೀಡೆಗಳ ಬಗ್ಗೆ ಒಂದು ಷರತ್ತಿರುತ್ತದೆ. ಅದರ ಅರ್ಥವೇನೆಂದು ವಿಮಾ ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ಸ್ಪರ್ಧಾ ಲೈಸೆನ್ಸಿನ ಜೊತೆ ಅಪಘಾತ ವಿಮೆ ಎಷ್ಟಿದೆ ಎಂದೂ ವಿಚಾರಿಸಿಕೊಳ್ಳಿ.

ಹಂತ 2: ಹೆಲ್ಮೆಟ್ (ಏಳು ವಾರ ಮೊದಲು)

ಬಜೆಟ್ ಎಷ್ಟೇ ಇರಲಿ, ಮೊದಲ ಖರ್ಚು ಇದು. ಆಫ್-ರೋಡ್ ಹೆಲ್ಮೆಟ್ಟಿಗೆ ಗಲ್ಲದ ಭಾಗ ಮುಂದಕ್ಕೆ ಚಾಚಿರುತ್ತದೆ, ಮೇಲೆ ಟೋಪಿಯ ಚಾಚಿನಂಥ ಪೀಕ್ ಇರುತ್ತದೆ, ಗಾಜಿನ ಬದಲು ಗಾಗಲ್ಸ್ ಕೂರಲು ಜಾಗವಿರುತ್ತದೆ. ರಸ್ತೆಯ ಹೆಲ್ಮೆಟ್ ಹಾಕಿ ಡರ್ಟ್‌ನಲ್ಲಿ ಓಡಿಸಿದರೆ ಐದು ನಿಮಿಷಕ್ಕೆ ಉಸಿರು ಕಟ್ಟುತ್ತದೆ. ಗಾಜು ಎತ್ತಿದರೆ ಕಣ್ಣಿಗೆ ಮಣ್ಣು, ಇಳಿಸಿದರೆ ಹಬೆ.

ಗುರುತು ನೋಡಿ. ಭಾರತದಲ್ಲಿ ದ್ವಿಚಕ್ರ ಸವಾರರಿಗೆ ಮಾರುವ ಹೆಲ್ಮೆಟ್ಟಿಗೆ 2021ರ ಜೂನ್ 1ರಿಂದ ಐಎಸ್ಐ ಗುರುತು ಕಡ್ಡಾಯ, ಅದರ ಮಾನದಂಡ ಐಎಸ್ 4151. ಇದರ ಜೊತೆಗೆ ಯುರೋಪಿನಲ್ಲಿ ಬಳಸುವ ಇಸಿಇ 22.06 ಮಾನದಂಡದ ಗುರುತೂ ಇದ್ದರೆ ಅದನ್ನೇ ಆರಿಸಿ. ನೇರ ಹೊಡೆತವಲ್ಲದೆ ಓರೆಯಾಗಿ ಬಿದ್ದು ತಲೆ ತಿರುಚುವ ಹೊಡೆತಕ್ಕೂ ಅದರಲ್ಲಿ ಪರೀಕ್ಷೆಯಿದೆ. ಮಣ್ಣಿನಲ್ಲಿ ಬೀಳುವವರು ಹೆಚ್ಚಾಗಿ ಬೀಳುವುದೇ ಹಾಗೆ. ಎಸ್ಆರ್‌ನಲ್ಲಿ ಯಾವ ಗುರುತು ಕೇಳಿದ್ದಾರೋ ಅದು ಹೆಲ್ಮೆಟ್ಟಿನ ಮೇಲೆ ಇರಲೇಬೇಕು. ಬೀದಿಬದಿಯಲ್ಲಿ ಗುರುತಿನ ಸ್ಟಿಕ್ಕರ್ ಮಾತ್ರ ಅಂಟಿಸಿ ಮಾರುವುದುಂಟು. ಕೈಯಲ್ಲಿ ಹಿಡಿದು ಗಲ್ಲದ ಭಾಗ ಒತ್ತಿದರೆ ಒಳಕ್ಕೆ ಬಗ್ಗುವ ಹೆಲ್ಮೆಟ್ ನಿಮಗೆ ಬೇಡ.

ಅಳತೆ ಹೀಗೆ ನೋಡಿ. ಹುಬ್ಬಿಗಿಂತ ಒಂದು ಬೆರಳು ಮೇಲೆ, ಕಿವಿಯ ಮೇಲಿಂದ ಹಾದು, ಹಿಂದಲೆಯ ಉಬ್ಬಿನ ಸುತ್ತ ಟೇಪ್ ಹಿಡಿಯಿರಿ. ಆ ಸೆಂಟಿಮೀಟರನ್ನು ಕಂಪನಿಯ ಚಾರ್ಟಿಗೆ ಹೊಂದಿಸಿ. ಎಲ್ಲ ಕಂಪನಿಯ ಎಲ್ ಸೈಜೂ ಒಂದೇ ಅಲ್ಲ. ತೊಟ್ಟಾಗ ಕೆನ್ನೆ ಒತ್ತಿದಂತಿರಬೇಕು, ಮಾತಾಡಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ತಾಗಬೇಕು. ಪಟ್ಟಿ ಬಿಗಿದು, ಗಲ್ಲದ ಭಾಗ ಹಿಡಿದು ಎಡಬಲಕ್ಕೆ ತಿರುಗಿಸಿ. ಹೆಲ್ಮೆಟ್ಟಿನ ಜೊತೆ ಹಣೆಯ ಚರ್ಮವೂ ಜರುಗಿದರೆ ಸರಿ. ಹೆಲ್ಮೆಟ್ ಮಾತ್ರ ತಿರುಗಿದರೆ ದೊಡ್ಡದು. ಆಮೇಲೆ ಅಂಗಡಿಯಲ್ಲೇ ಇಪ್ಪತ್ತು ನಿಮಿಷ ತೊಟ್ಟುಕೊಂಡು ಕೂರಿ, ಸಂಕೋಚ ಬೇಡ. ಹಣೆಯ ಒಂದೇ ಕಡೆ ಕೆಂಪು ಗುರುತು ಬಿದ್ದು ನೋಯುತ್ತಿದ್ದರೆ ಆ ಹೆಲ್ಮೆಟ್ಟಿನ ಆಕಾರ ನಿಮ್ಮ ತಲೆಗೆ ಹೊಂದುವುದಿಲ್ಲ. ಸೈಜ್ ಬದಲಿಸಿ ಪ್ರಯೋಜನವಿಲ್ಲ, ಮಾಡೆಲ್ ಬದಲಿಸಿ.

ಕೊನೆಯದಾಗಿ ಹಿಂದಿನಿಂದ ಎತ್ತುವ ಪರೀಕ್ಷೆ. ಪಟ್ಟಿ ಬಿಗಿದ ಮೇಲೆ ಇನ್ನೊಬ್ಬರು ಹೆಲ್ಮೆಟ್ಟಿನ ಹಿಂಭಾಗದ ಅಂಚು ಹಿಡಿದು ಮುಂದಕ್ಕೆ ಉರುಳಿಸಲು ನೋಡಲಿ. ತಲೆಯಿಂದ ಕಳಚಿ ಬಂದರೆ ಟ್ರ್ಯಾಕಿನಲ್ಲೂ ಕಳಚುತ್ತದೆ. ಪಟ್ಟಿಗೆ ಡಬಲ್ ಡಿ ರಿಂಗ್ ಇರುವುದನ್ನೇ ಕೊಳ್ಳಿ ಮತ್ತು ಅದನ್ನು ಕಟ್ಟಲು ಕಲಿಯಿರಿ. ಪಟ್ಟಿಯನ್ನು ಎರಡೂ ಉಂಗುರದೊಳಗೆ ತೂರಿಸಿ, ಹಿಂದಕ್ಕೆ ಮಡಚಿ, ಒಂದು ಉಂಗುರದ ಒಳಗಿಂದ ಮಾತ್ರ ವಾಪಸ್ ತೆಗೆದು ಎಳೆಯಬೇಕು. ಎರಡೂ ಉಂಗುರದಿಂದ ವಾಪಸ್ ತೆಗೆದರೆ ಕಟ್ಟಿದಂತೆ ಕಾಣುತ್ತದೆ, ಎಳೆತಕ್ಕೆ ಸರ್ರನೆ ಜಾರುತ್ತದೆ.

ಎರವಲು ಹೆಲ್ಮೆಟ್ ಬೇಡ ಅನ್ನಲು ಕಾರಣವಿದೆ. ಒಳಗಿನ ಥರ್ಮಾಕೋಲಿನಂಥ ಪದರ ಒಂದು ಸಲ ಹೊಡೆತ ಹೀರಿ ಅಮುಕಿಹೋದರೆ ಮತ್ತೆ ಉಬ್ಬುವುದಿಲ್ಲ. ಹೊರಗಿನ ಚಿಪ್ಪು ಮಿರಮಿರ ಮಿಂಚುತ್ತಲೇ ಇರುತ್ತದೆ. ಅದು ಹಿಂದೆ ಎಲ್ಲಿ ಬಿದ್ದಿತ್ತು ಎಂಬುದು ನಿಮಗೆ ತಿಳಿಯುವುದಿಲ್ಲ.

ಹಂತ 3: ಬೂಟು (ಏಳನೇ ವಾರದಲ್ಲೇ, ಅದೇ ಪೇಟೆ ಪ್ರಯಾಣದಲ್ಲಿ)

ಹೆಲ್ಮೆಟ್ ನಂತರದ ದುಡ್ಡೆಲ್ಲ ಬೂಟಿಗೆ. ಇದನ್ನು ಹೇಳಿದಾಗ ಹೊಸಬರು ನಂಬುವುದಿಲ್ಲ. ಜಾಕೆಟ್ಟಿಗೆ ಹಣ ಹಾಕಿ ಕಾಲಿಗೆ ಮಿಲಿಟರಿ ಶೂ ಹಾಕಿ ಬರುತ್ತಾರೆ. ತಿರುವಿನಲ್ಲಿ ಕಾಲು ಚಾಚಿದಾಗ ಪಾದ ನೆಲಕ್ಕೆ ಸಿಕ್ಕಿ ಹಿಂದಕ್ಕೆ ತಿರುಚುವುದು, ಬಿದ್ದ ಬೈಕಿನ ಫುಟ್‌ಪೆಗ್ ಕಣಕಾಲಿನ ಮೇಲೆ ಕೂರುವುದು ಡರ್ಟ್‌ನಲ್ಲಿ ದಿನನಿತ್ಯದ ಮಾತು. ಲೇಸಿನ ಬೂಟು ಚರ್ಮ ಉಳಿಸಬಹುದು, ತಿರುಚುವುದನ್ನು ತಡೆಯಲಾರದು. ಜೊತೆಗೆ ಲೇಸು ಗೇರ್ ಲಿವರಿಗೆ ಸುತ್ತಿಕೊಳ್ಳುವ ಅಪಾಯ ಬೇರೆ.

ಬೇಕಾದದ್ದು ಮಂಡಿಯ ಕೆಳಗಿನವರೆಗೆ ಬರುವ, ಬಕಲ್ ಇರುವ, ತಳ ಗಟ್ಟಿಯಾದ ಮೋಟೊಕ್ರಾಸ್ ಬೂಟು. ಮೋಟಾರ್ ಸೈಕಲ್ ಬೂಟುಗಳ ಯುರೋಪಿಯನ್ ಮಾನದಂಡ ಇಎನ್ 13634, ಆ ಸಂಖ್ಯೆಯನ್ನು ಲೇಬಲ್‌ನಲ್ಲಿ ಹುಡುಕಿ. ಕೈಯಲ್ಲಿ ಹಿಡಿದು ಹಿಮ್ಮಡಿ ಮತ್ತು ತುದಿಯನ್ನು ವಿರುದ್ಧ ದಿಕ್ಕಿಗೆ ತಿರುಚಿ ನೋಡಿ. ಟವೆಲ್ ಹಿಂಡಿದಂತೆ ತಿರುಗಿದರೆ ಬಿಡಿ. ತೊಡುವಾಗ ದಪ್ಪ ಉದ್ದ ಸಾಕ್ಸ್ ಮತ್ತು ಮಂಡಿ ಗಾರ್ಡ್ ಎರಡನ್ನೂ ಹಾಕಿಕೊಂಡೇ ಅಳತೆ ನೋಡಬೇಕು. ಗಾರ್ಡಿನ ಕೆಳತುದಿ ಬೂಟಿನ ಒಳಗೆ ಕೂರುತ್ತದೆ. ಅದಿಲ್ಲದೆ ಅಳತೆ ನೋಡಿ ಕೊಂಡ ಬೂಟಿನ ಮೇಲಿನ ಬಕಲ್ ರೇಸಿನ ದಿನ ಹಾಕಲು ಬರುವುದಿಲ್ಲ.

ಹೊಸ ಬೂಟು ಹಲಗೆಯಷ್ಟು ಗಟ್ಟಿ. ಮೊದಲ ಸಲ ತೊಟ್ಟವರಿಗೆ ಗೇರ್ ಲಿವರ್ ಕಾಲಿಗೆ ತಾಗುತ್ತಿದೆಯೋ ಇಲ್ಲವೋ ಅನ್ನುವುದೇ ಗೊತ್ತಾಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗ ರೇಸಿನ ಬೆಳಿಗ್ಗೆ ಡಬ್ಬ ಒಡೆದು ಬೂಟು ತೊಟ್ಟ. ಸ್ಟಾರ್ಟ್ ಗೆರೆಯಲ್ಲಿ ಫಸ್ಟ್ ಗೇರಿಗೆ ಹಾಕಿದೆ ಅಂದುಕೊಂಡಿದ್ದ, ನ್ಯೂಟ್ರಲಿನಲ್ಲೇ ಇತ್ತು. ಬಾವುಟ ಬಿದ್ದಾಗ ಇಂಜಿನ್ ಕಿರುಚಿತು, ಬೈಕು ಅಲ್ಲೇ ನಿಂತಿತ್ತು, ಹಿಂದಿನ ಸಾಲಿನವರು ಅವನನ್ನು ತಪ್ಪಿಸಲು ಎರಡೂ ಬದಿಗೆ ಚದುರಿದರು. ಯಾರಿಗೂ ಏಟಾಗಲಿಲ್ಲ. ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಅದಕ್ಕೆ ಪರಿಹಾರ ಸುಲಭ. ಒಂದು ವಾರ ಮನೆಯೊಳಗೆ ಬೂಟು ತೊಟ್ಟು ಮೆಟ್ಟಿಲು ಹತ್ತಿ ಇಳಿಯಿರಿ, ಕುಕ್ಕರಗಾಲಿನಲ್ಲಿ ಕೂತು ಏಳಿ. ಆಮೇಲೆ ಸ್ಟ್ಯಾಂಡ್ ಹಾಕಿದ ಬೈಕಿನ ಮೇಲೆ ಕೂತು, ಇಂಜಿನ್ ಆಫ್ ಇಟ್ಟು, ಹಿಂಚಕ್ರವನ್ನು ಕೈಯಿಂದ ತಿರುಗಿಸುತ್ತ ಗೇರ್ ಮೇಲೆ ಕೆಳಗೆ ಮಾಡಿ. ಬೂಟಿನ ತುದಿ ಲಿವರಿನ ಕೆಳಗೆ ಹೋಗದಿದ್ದರೆ ಲಿವರನ್ನು ಅದರ ಹಲ್ಲುಗಳ ಮೇಲೆ ಒಂದು ಹಲ್ಲು ಮೇಲಕ್ಕೆ ಕೂರಿಸಿ, ಹಿಂದಿನ ಬ್ರೇಕ್ ಪೆಡಲನ್ನೂ ಬೂಟಿಗೆ ತಕ್ಕಂತೆ ಸರಿಮಾಡಿ. ಪೆಡಲ್ ಎತ್ತರ ಹಾಗೇ ಬಿಟ್ಟರೆ ಗಟ್ಟಿ ಬೂಟಿನ ತೂಕಕ್ಕೇ ಬ್ರೇಕ್ ಹಿಡಿದು ಡಿಸ್ಕ್ ಕಾಯುತ್ತದೆ.

ಹಂತ 4: ಮಂಡಿ, ಎದೆ, ಬೆನ್ನು, ಕುತ್ತಿಗೆ (ಆರನೇ ವಾರ)

ಇಲ್ಲಿ ಲೇಬಲ್ ಓದಲು ಬಂದರೆ ಅರ್ಧ ಕೆಲಸ ಮುಗಿಯಿತು. ಮೊಣಕೈ, ಮಂಡಿ, ಭುಜದ ಗಾರ್ಡುಗಳಿಗೆ ಇಎನ್ 1621-1, ಬೆನ್ನಿಗೆ 1621-2, ಎದೆಗೆ 1621-3. ಪ್ರತಿಯೊಂದರಲ್ಲೂ ಲೆವೆಲ್ 1, ಲೆವೆಲ್ 2 ಇವೆ. ಬೆನ್ನಿನ ಗಾರ್ಡಿನ ಉದಾಹರಣೆ ನೋಡಿ. ನಿಗದಿತ ಹೊಡೆತ ಕೊಟ್ಟಾಗ ಆಚೆ ಬದಿಗೆ ದಾಟುವ ಬಲ ಲೆವೆಲ್ 1ರಲ್ಲಿ ಸರಾಸರಿ 18 ಕಿಲೋನ್ಯೂಟನ್‌ವರೆಗೆ ಇರಬಹುದು, ಲೆವೆಲ್ 2ರಲ್ಲಿ 9ನ್ನು ಮೀರಬಾರದು. ಅಂದರೆ ಬೆನ್ನುಮೂಳೆಗೆ ತಲುಪುವ ಪೆಟ್ಟು ಅರ್ಧದಷ್ಟು. ಬೆಲೆಯ ವ್ಯತ್ಯಾಸ ಅಷ್ಟಿರುವುದಿಲ್ಲ, ಹಾಗಾಗಿ ಬೆನ್ನಿಗೆ ಲೆವೆಲ್ 2 ಕೊಳ್ಳಿ.

ಎದೆಯ ವಿಷಯದಲ್ಲಿ ಒಂದು ಗೊಂದಲವಿದೆ. ಎದೆಗಾರ್ಡ್ ಅಂತ ಮಾರುವ ಕೆಲವು ಪ್ಲಾಸ್ಟಿಕ್ ಕವಚಗಳು ಬರೀ ಹಾರುವ ಕಲ್ಲು ತಡೆಯಲು ಮಾಡಿದವು, ಅವುಗಳ ಮಾನದಂಡ ಇಎನ್ 14021. ಹ್ಯಾಂಡಲ್ ಬಾರ್ ಎದೆಗೆ ಗುದ್ದಿದರೆ ಅದು ಸಾಲದು. ಲೇಬಲ್‌ನಲ್ಲಿ 1621-3 ಇದೆಯೇ ನೋಡಿ.

ಮಂಡಿಗೆ ಮೆತ್ತನೆಯ ಗಾರ್ಡ್ ಸಾಕೇ, ಕೀಲು ಇರುವ ಬ್ರೇಸ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಹಿಂದೆ ಲಿಗಮೆಂಟ್ ಪೆಟ್ಟಾಗಿದ್ದರೆ ಮೂಳೆ ವೈದ್ಯರನ್ನು ಕೇಳಿ ಬ್ರೇಸ್ ಕೊಳ್ಳಿ. ಇಲ್ಲದಿದ್ದರೆ ಮೊದಲ ರೇಸಿಗೆ ಒಳ್ಳೆಯ ಗಾರ್ಡ್ ಸಾಕು. ಮಂಡಿಚಿಪ್ಪಿನ ಜೊತೆ ಮಂಡಿಯ ಕೆಳಗಿನ ಮುಂಭಾಗದ ಮೂಳೆಯನ್ನೂ ಮುಚ್ಚುವಂಥದ್ದು, ಮಂಡಿಯ ಮೇಲೆ ಒಂದು ಪಟ್ಟಿ, ಕೆಳಗೆ ಒಂದು ಪಟ್ಟಿ ಇರುವಂಥದ್ದು ತನ್ನಿ. ಹಾಕಿಕೊಂಡು ಇಪ್ಪತ್ತು ಸಲ ಕೂತು ಎದ್ದಾಗ ಗಾರ್ಡ್ ಮೀನಖಂಡಕ್ಕೆ ಜಾರಿದ್ದರೆ ವಾಪಸ್ ಕೊಡಿ.

ನೆಕ್ ಬ್ರೇಸ್, ಅಂದರೆ ಕುತ್ತಿಗೆಯ ಸುತ್ತ ತೊಡುವ ಗಟ್ಟಿ ಕವಚದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ತಪ್ಪಾಗಿ ಕೂತ ಬ್ರೇಸ್ ಹಾಕುವುದಕ್ಕಿಂತ ಹಾಕದಿರುವುದೇ ಮೇಲು. ಅದನ್ನು ಹೆಲ್ಮೆಟ್ ಮತ್ತು ಎದೆಗಾರ್ಡ್ ಎರಡನ್ನೂ ತೊಟ್ಟೇ ಆರಿಸಬೇಕು. ನಿಂತು ಓಡಿಸುವ ಭಂಗಿಯಲ್ಲಿ ತಲೆ ಎತ್ತಿ ದೂರ ನೋಡಿದಾಗ ಹೆಲ್ಮೆಟ್ಟಿನ ಹಿಂಬದಿ ಬ್ರೇಸಿಗೆ ಬಡಿಯಬಾರದು. ಕತ್ತುಮೂಳೆ, ಅಂದರೆ ಕಾಲರ್ ಬೋನ್, ಮೇಲೆ ಅದರ ಭಾರ ಕೂರಬಾರದು. ಈ ಎರಡೂ ಸರಿ ಹೊಂದಿದರೆ ತೊಡಿ, ಒಂದು ತಿಂಗಳು ಅಭ್ಯಾಸದಲ್ಲೂ ತೊಡಿ.

ಹಂತ 5: ಗಾಗಲ್ಸ್, ಗ್ಲೌಸ್, ಬಟ್ಟೆ

ಗಾಗಲ್ಸಿನ ಸ್ಪಂಜು ಹೆಲ್ಮೆಟ್ಟಿನ ಕಣ್ಣಿನ ಜಾಗದಲ್ಲಿ ಸುತ್ತಲೂ ಮುಖಕ್ಕೆ ಅಂಟಿಕೊಂಡಿರಬೇಕು. ಮೂಗಿನ ಬಳಿ ಸಂದು ಉಳಿದರೆ ಧೂಳು ಅಲ್ಲಿಂದಲೇ ಬರುತ್ತದೆ. ಕನ್ನಡಕ ಹಾಕುವವರಿಗೆ ಅದರ ಮೇಲೆ ಕೂರುವ ಅಗಲ ಗಾಗಲ್ಸ್ ಸಿಗುತ್ತದೆ. ಲೆನ್ಸ್ ಪಾರದರ್ಶಕವೇ ಇರಲಿ. ಕಪ್ಪು ಲೆನ್ಸ್ ನೋಡಲು ಚೆಂದ, ಆದರೆ ಬಿಸಿಲಿನಿಂದ ಮರದ ನೆರಳಿಗೆ ನುಗ್ಗಿದ ಕ್ಷಣ ಗುಂಡಿ ಕಾಣುವುದಿಲ್ಲ.

ಲೆನ್ಸಿನ ಮೇಲೆ ಟೇರ್-ಆಫ್ ಎಂಬ ತೆಳು ಹಾಳೆಗಳನ್ನು ಮೂರು ನಾಲ್ಕು ಹಚ್ಚಿ. ಮಣ್ಣು ಕೂತಾಗ ಒಂದನ್ನು ಕಿತ್ತರೆ ಹೊಸ ನೋಟ. ಎಡಗೈಯಲ್ಲಿ, ಅಂದರೆ ಆಕ್ಸಿಲರೇಟರ್ ಇಲ್ಲದ ಕೈಯಲ್ಲಿ, ನೇರ ದಾರಿಯಲ್ಲಿ ಮಾತ್ರ ಕೀಳುವುದನ್ನು ಮನೆಯಲ್ಲೇ ಗ್ಲೌಸ್ ತೊಟ್ಟು ರೂಢಿ ಮಾಡಿ. ಎರಡು ಹಾಳೆ ಒಟ್ಟಿಗೆ ಬರುತ್ತಿದ್ದರೆ ತುದಿಗಳನ್ನು ಬೇರೆ ಬೇರೆ ಉದ್ದಕ್ಕೆ ಮಡಚಿ. ಕಿತ್ತ ಹಾಳೆಯನ್ನು ರೇಸ್ ಮುಗಿದ ಮೇಲೆ ಟ್ರ್ಯಾಕಿನಿಂದ ಆರಿಸಿ ತನ್ನಿ. ಆ ಜಾಗ ಯಾರದೋ ಹೊಲ, ಯಾರದೋ ತೋಟ, ನಾಳೆ ಅಲ್ಲಿ ಹಸು ಮೇಯುತ್ತದೆ.

ಗ್ಲೌಸ್ ತೆಳುವಾಗಿ, ಅಂಗೈಗೆ ಬಿಗಿಯಾಗಿರಲಿ. ದಪ್ಪ ಗ್ಲೌಸ್ ಹಾಕಿದರೆ ಹಿಡಿತ ಬಿಗಿಯಾಗಿ ತೋಳು ಬೇಗ ಸೋಲುತ್ತದೆ. ಜೆರ್ಸಿ ಗಾಳಿಯಾಡುವ ಉದ್ದ ತೋಳಿನದು. ಪ್ಯಾಂಟು ಮೋಟೊಕ್ರಾಸಿನದೇ ಆಗಲಿ, ಜೀನ್ಸ್ ಬೆವರಿಗೆ ಒದ್ದೆಯಾಗಿ ಮಂಡಿ ಮಡಚಲು ಬಿಡುವುದಿಲ್ಲ.

ತೊಡುವ ಕ್ರಮ: ಉದ್ದ ಸಾಕ್ಸ್, ಮಂಡಿ ಗಾರ್ಡ್, ಪ್ಯಾಂಟು, ಬೂಟು, ಎದೆ ಬೆನ್ನಿನ ಕವಚ, ಜೆರ್ಸಿ, ನೆಕ್ ಬ್ರೇಸ್, ಹೆಲ್ಮೆಟ್, ಗಾಗಲ್ಸ್, ಕೊನೆಗೆ ಗ್ಲೌಸ್. ಗ್ಲೌಸ್ ಮೊದಲು ಹಾಕಿದವರು ಹೆಲ್ಮೆಟ್ ಪಟ್ಟಿ ಕಟ್ಟಲು ಪರದಾಡುವುದನ್ನು ಪ್ರತಿ ರೇಸಿನಲ್ಲೂ ನೋಡುತ್ತೇನೆ. ಕವಚ ಜೆರ್ಸಿಯ ಮೇಲೆ ತೊಡುವಂಥದ್ದಾದರೆ ಆ ಎರಡನ್ನು ಅದಲುಬದಲು ಮಾಡಿ.

ಹಂತ 6: ಬೈಕು (ಐದರಿಂದ ಮೂರನೇ ವಾರ)

ನಮ್ಮ ಕಡೆ ಮೊದಲ ರೇಸಿಗೆ ಬರುವವರಲ್ಲಿ ತುಂಬ ಜನರ ಕೈಯಲ್ಲಿರುವುದು ಹೀರೋ ಎಕ್ಸ್‌ಪಲ್ಸ್ 200. ಅದರ ಮುಂಚಕ್ರ 21 ಇಂಚು, ಹಿಂಚಕ್ರ 18 ಇಂಚು, ಸಾಮಾನ್ಯ ಮಾದರಿಯಲ್ಲಿ ಸಸ್ಪೆನ್ಶನ್ ಚಲನೆ ಮುಂದೆ 190 ಮಿಮೀ, ಹಿಂದೆ 170 ಮಿಮೀ. ಕಲಿಯಲು ಧಾರಾಳ ಸಾಕು. ಸೈಲೆನ್ಸರ್, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸುವ ಹಣವನ್ನು ಬೂಟಿಗೆ ಹಾಕಿ ಎಂದು ಮತ್ತೆ ಹೇಳುತ್ತೇನೆ.

ಕಳಚುವುದರಿಂದ ಶುರುಮಾಡಿ: ಕನ್ನಡಿ, ಇಂಡಿಕೇಟರ್, ಸಾರಿ ಗಾರ್ಡ್, ನಂಬರ್ ಪ್ಲೇಟಿನ ಚೌಕಟ್ಟು, ಎಸ್ಆರ್ ಹೇಳಿದ್ದರೆ ಸೈಡ್ ಸ್ಟ್ಯಾಂಡ್ ಕೂಡ. ಹೆಡ್‌ಲೈಟ್ ತೆಗೆಯಲು ಬರದಿದ್ದರೆ ಗಾಜಿನ ಮೇಲೆ ಟೇಪ್ ಅಡ್ಡಡ್ಡ ಹಚ್ಚಿ. ಹೀಗೆ ಕಳಚಿದ ಬೈಕನ್ನು ರಸ್ತೆಯಲ್ಲಿ ಓಡಿಸಿಕೊಂಡು ಹೋಗುವಂತಿಲ್ಲ. ಟಾಟಾ ಏಸ್ ಅಥವಾ ಪಿಕಪ್ ಗೊತ್ತುಮಾಡಿ.

ಸ್ಕ್ರೂಟಿನಿಯಲ್ಲಿ ಬೈಕ್ ಸಿಕ್ಕಿಹಾಕಿಕೊಳ್ಳುವುದು ಸಣ್ಣ ವಿಷಯಕ್ಕೆ. ಆಕ್ಸಿಲರೇಟರ್ ತಿರುಗಿಸಿ ಕೈಬಿಟ್ಟರೆ ತಾನಾಗಿ ಟಪ್ ಎಂದು ಮುಚ್ಚಬೇಕು. ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ಇದನ್ನು ನೋಡಿ. ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಕೆಲಸ ಮಾಡಬೇಕು. ಕ್ಲಚ್, ಬ್ರೇಕ್ ಲಿವರಿನ ತುದಿಯ ಗುಂಡು ಮುರಿದಿರಬಾರದು, ಮುರಿದ ತುದಿ ತೊಡೆಗೆ ಚೂರಿಯಂತೆ ಹೊಗುತ್ತದೆ. ಹ್ಯಾಂಡಲ್ ಬಾರಿನ ಎರಡೂ ತುದಿ ಮುಚ್ಚಿರಬೇಕು. ಎಲ್ಲಿಯೂ ಎಣ್ಣೆ, ಪೆಟ್ರೋಲ್ ತೊಟ್ಟಿಕ್ಕಬಾರದು.

ಚೈನ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ರಸ್ತೆಗೆ ಬಿಗಿದಂತೆ ಬಿಗಿದುಬಿಡುತ್ತಾರೆ. ಸಸ್ಪೆನ್ಶನ್ ಅಮುಕಿದಾಗ ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ (ಹಿಂಚಕ್ರ ಹಿಡಿದಿರುವ ತೋಳು) ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಸಾಲಿಗೆ ಬರುವ ಒಂದು ಹಂತವಿದೆ. ಚೈನ್ ಅತಿ ಬಿಗಿಯಾಗುವುದು ಅಲ್ಲಿ. ಇಬ್ಬರನ್ನು ಹಿಂದೆ ಕೂರಿಸಿ ಬೈಕನ್ನು ಆ ಹಂತಕ್ಕೆ ಇಳಿಸಿ. ಅಲ್ಲಿಯೂ ಚೈನ್ ಸ್ವಲ್ಪ ಆಡಬೇಕು. ಆಡದಿದ್ದರೆ ಮೊದಲ ಜಂಪಿನಲ್ಲೇ ಚೈನ್ ತುಂಡಾಗಬಹುದು, ಇಲ್ಲವೇ ಗೇರ್ ಬಾಕ್ಸ್ ಬೇರಿಂಗ್ ಹೋಗಬಹುದು.

ಸ್ಯಾಗ್, ಅಂದರೆ ತೂಕಕ್ಕೆ ಸಸ್ಪೆನ್ಶನ್ ಕುಸಿಯುವ ಅಳತೆ, ನೋಡಲು ಟೇಪ್ ಒಂದಿದ್ದರೆ ಸಾಕು. ಹಿಂಚಕ್ರ ಗಾಳಿಯಲ್ಲಿ ತೂಗುವಾಗ ಆಕ್ಸಲಿನಿಂದ ನೇರ ಮೇಲಿನ ಮಡ್‌ಗಾರ್ಡಿನ ಒಂದು ಗುರುತಿಗೆ ಅಳೆಯಿರಿ. ಆಮೇಲೆ ಪೂರ್ತಿ ಗೇರ್ ತೊಟ್ಟು ನಿಂತ ಭಂಗಿಯಲ್ಲಿ ಮತ್ತೆ ಅಳೆಯಿಸಿ. ಎರಡರ ವ್ಯತ್ಯಾಸ ಒಟ್ಟು ಚಲನೆಯ ಮೂರನೇ ಒಂದು ಭಾಗದಷ್ಟಿರಲಿ, 170 ಮಿಮೀ ಇದ್ದರೆ ಸುಮಾರು 55. ಹೆಚ್ಚು ಕುಸಿದರೆ ಪ್ರಿಲೋಡ್, ಅಂದರೆ ಸ್ಪ್ರಿಂಗಿನ ಒತ್ತಡ, ಬಿಗಿಮಾಡಿ.

ಟೈರಿಗೆ ಗಾಳಿ ಇಳಿಸುವುದನ್ನು ಎಲ್ಲರೂ ಕೇಳಿರುತ್ತಾರೆ, ಎಷ್ಟೆಂದು ಕೇಳಿರುವುದಿಲ್ಲ. ರಿಮ್ ಲಾಕ್ (ಟೈರನ್ನು ರಿಮ್ಮಿಗೆ ಹಿಡಿದಿಡುವ ಕ್ಲ್ಯಾಂಪು) ಇಲ್ಲದ ಟ್ಯೂಬ್ ಚಕ್ರಕ್ಕೆ 18ರಿಂದ 20 ಪಿಎಸ್ಐಗಿಂತ ಕೆಳಗೆ ಹೋಗಬೇಡಿ. ಇನ್ನೂ ಇಳಿಸಿದರೆ ಟೈರು ರಿಮ್ ಮೇಲೆ ಜಾರಿ ವಾಲ್ವ್ ಕಿತ್ತುಬರುತ್ತದೆ. ದಪ್ಪ ಟ್ಯೂಬು, ರಿಮ್ ಲಾಕ್ ಎರಡೂ ಇದ್ದರೆ 12ರಿಂದ 15ಕ್ಕೆ ಇಳಿಸಬಹುದು. ಅಭ್ಯಾಸ ಮುಗಿದ ಮೇಲೆ ವಾಲ್ವ್ ನೋಡಿ. ಅದು ಓರೆಯಾಗಿದ್ದರೆ ಟೈರು ಜಾರಿದೆ ಎಂದೇ ಅರ್ಥ. ಸ್ಪೋಕುಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ. ಸಡಿಲವಾದದ್ದು ಟಣ್ ಅನ್ನದೆ ಮಂಕಾಗಿ ಸದ್ದು ಮಾಡುತ್ತದೆ.

ಹಂತ 7: ಮೈ ಮತ್ತು ಅಭ್ಯಾಸ (ಐದನೇ ವಾರದಿಂದ ಕೊನೆಯವರೆಗೆ)

ತೋಳು ಕಲ್ಲಾಗುವುದಕ್ಕೆ 'ಆರ್ಮ್ ಪಂಪ್' ಅನ್ನುತ್ತಾರೆ. ಬಿಗಿಯಾಗಿ ಹಿಡಿದಷ್ಟೂ ಮುಂಗೈ ಸ್ನಾಯುಗಳು ರಕ್ತ ತುಂಬಿ ಉಬ್ಬುತ್ತವೆ, ಅವನ್ನು ಸುತ್ತಿರುವ ಪೊರೆ ಹಿಗ್ಗುವುದಿಲ್ಲ, ಬೆರಳು ಮಾತು ಕೇಳುವುದಿಲ್ಲ. ಜಿಮ್ಮಿನಲ್ಲಿ ಮುಂಗೈ ಬೆಳೆಸಿದರೆ ಇದು ಹೋಗುವುದಿಲ್ಲ. ಬೈಕನ್ನು ಮಂಡಿಗಳ ನಡುವೆ ಅದುಮಿ ಹಿಡಿಯಲು ಕಲಿತರೆ ಹೋಗುತ್ತದೆ. ಪರೀಕ್ಷೆ ಇದು: ಮಣ್ಣುರಸ್ತೆಯಲ್ಲಿ ನಿಂತು ಓಡಿಸುವಾಗ ಎರಡೂ ಕೈಯ ಬೆರಳುಗಳನ್ನು ಪಿಯಾನೋ ನುಡಿಸಿದಂತೆ ಆಡಿಸಲು ಆಗಬೇಕು. ಆಗದಿದ್ದರೆ ನೀವು ಹ್ಯಾಂಡಲ್ಲಿಗೆ ಜೋತುಬಿದ್ದಿದ್ದೀರಿ.

ವಾರಕ್ಕೆ ಎರಡು ದಿನ ಬೈಕು, ಮೂರು ದಿನ ಓಟ ಅಥವಾ ಸೈಕಲ್, ದಿನವೂ ಬಸ್ಕಿ. ಬೈಕಿನ ಮೇಲಿನ ಅಭ್ಯಾಸವೆಲ್ಲ ಪೂರ್ತಿ ಗೇರ್ ತೊಟ್ಟೇ ಆಗಬೇಕು. ಹತ್ತು ನಿಮಿಷ ಎಡೆಬಿಡದೆ ನಿಂತು ಓಡಿಸುವುದು, ಎಂಟರ ಆಕಾರದ ತಿರುವು, ಇಳಿಜಾರಿನಲ್ಲಿ ಬ್ರೇಕ್, ಬಿದ್ದ ಬೈಕನ್ನು ಒಬ್ಬರೇ ಎತ್ತಿ ಸ್ಟಾರ್ಟ್ ಮಾಡುವುದು ಕೈಗೂಡಲಿ. ಜಂಪನ್ನು ವಿಡಿಯೋ ನೋಡಿ ಕಲಿಯಬೇಡಿ. ಡಕಾರ್ ಎಂಬ ದೂರದ ಮರುಭೂಮಿ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಬಳಿ ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕಿನಂಥ ಜಾಗಗಳಲ್ಲಿ ಗುರುಗಳಿದ್ದಾರೆ. ಎರಡು ದಿನ ಅಲ್ಲಿ ಕಲಿತದ್ದು ಎರಡು ವರ್ಷ ಒಬ್ಬರೇ ಬಿದ್ದೆದ್ದು ಕಲಿತದ್ದಕ್ಕಿಂತ ಹೆಚ್ಚು.

ಬಿಸಿಲಿನ ಅಭ್ಯಾಸವೂ ಬೇಕು. ರೇಸು ಮಾರ್ಚ್–ಏಪ್ರಿಲ್‌ನಲ್ಲಿದ್ದರೆ ಕೊನೆಯ ಎರಡು ವಾರ ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ಗೇರ್ ತೊಟ್ಟು ಓಡಿಸಿ, ಮೊದಲ ದಿನ ಹತ್ತು ನಿಮಿಷ, ಆಮೇಲೆ ನಿಧಾನವಾಗಿ ಹೆಚ್ಚಿಸಿ.

ಹಂತ 8: ಹಿಂದಿನ ದಿನ

ಚೀಲ ಎರಡು ಮಾಡಿ. ಮೈಗೆ ತೊಡುವುದೆಲ್ಲ ಒಂದರಲ್ಲಿ, ಬೈಕಿನದೆಲ್ಲ ಇನ್ನೊಂದರಲ್ಲಿ. ಬೈಕಿನ ಚೀಲದಲ್ಲಿ ಲಿವರ್ ಒಂದು ಜೊತೆ, ಟ್ಯೂಬ್, ಟೈರ್ ಲಿವರ್, ಪಂಪು, ಗಾಳಿ ಮೀಟರ್, ಸ್ಪ್ಯಾನರ್ ಸೆಟ್, ಸ್ಪಾರ್ಕ್ ಪ್ಲಗ್, ಚೈನ್ ಲಿಂಕ್, ಜಿಪ್ ಟೈ, ಡಕ್ಟ್ ಟೇಪು, ಒಂದು ಏರ್ ಫಿಲ್ಟರ್. ಮೈ ಚೀಲದಲ್ಲಿ ಇನ್ನೊಂದು ಜೊತೆ ಗ್ಲೌಸ್, ಇನ್ನೊಂದು ಗಾಗಲ್ಸ್ ಖಂಡಿತ ಇರಲಿ. ಎಸ್ಆರ್, ಲೈಸೆನ್ಸ್, ಆಧಾರ್, ವೈದ್ಯಕೀಯ ಫಾರಂ, ಬೈಕಿನ ಆರ್‌ಸಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಟಿಟಿ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿದ್ದು ನೆನಪಿಲ್ಲದಿದ್ದರೆ ವೈದ್ಯರನ್ನು ಕೇಳುವ ಕೆಲಸ ಈ ದಿನಕ್ಕೆ ಉಳಿಸಬೇಡಿ, ಮೊದಲೇ ಮುಗಿಸಿ.

ರಾತ್ರಿ ಅನ್ನ ಸಾರು, ಮುದ್ದೆ, ನಿಮಗೆ ರೂಢಿಯಿರುವುದನ್ನೇ ಉಣ್ಣಿ. ಕುಡಿತ ಬೇಡವೇ ಬೇಡ. ನಿದ್ದೆ ಬೇಕು.

ಹಂತ 9: ರೇಸಿನ ಬೆಳಿಗ್ಗೆ

ಸ್ಕ್ರೂಟಿನಿ ಶುರುವಾಗುವ ಒಂದು ಗಂಟೆ ಮೊದಲು ತಲುಪಿ. ಬೈಕಿನ ಜೊತೆ ಗೇರೆಲ್ಲವನ್ನೂ ಒಯ್ಯಿರಿ, ಅದನ್ನೂ ಪರೀಕ್ಷಿಸುತ್ತಾರೆ.

ಆಮೇಲೆ ಟ್ರ್ಯಾಕನ್ನು ಕಾಲ್ನಡಿಗೆಯಲ್ಲಿ ಎರಡು ಸುತ್ತು ನೋಡಿ. ಮೊದಲ ಸುತ್ತಿನಲ್ಲಿ ಓಡಿಸುವ ದಿಕ್ಕಿನಲ್ಲಿ ನಡೆದು ತಿರುವು, ಗುಂಡಿ, ಹಂಪ್ ಗುರುತಿಡಿ. ಎರಡನೆಯದರಲ್ಲಿ ಪ್ರತಿ ಜಂಪಿನ ಮೇಲೆ ನಿಂತು ಆಚೆ ಏನಿದೆ ನೋಡಿ. ಬೈಕಿನ ಮೇಲಿಂದ ಅದು ಕಾಣುವುದಿಲ್ಲ. ನೀರು ಹೊಡೆದ ಕೆಮ್ಮಣ್ಣು ಬೆಳಿಗ್ಗೆ ಸೋಪಿನಂತೆ, ಹನ್ನೊಂದಕ್ಕೆ ಒಳ್ಳೆಯ ಹಿಡಿತ, ಮಧ್ಯಾಹ್ನ ಗರಸು ಕಿತ್ತು ಗೋಲಿ ಚೆಲ್ಲಿದಂತೆ. ಬೆಳಿಗ್ಗೆ ಓಡಿಸಲು ಸಿಕ್ಕ ಸಾಲನ್ನೇ ಫೈನಲ್ಲಿನಲ್ಲಿ ನಂಬಬೇಡಿ.

ಬಾವುಟಗಳು ಬಾಯಿಪಾಠ ಆಗಿರಬೇಕು. ಹಳದಿ ಬೀಸಿದರೆ ಮುಂದೆ ಯಾರೋ ಬಿದ್ದಿದ್ದಾರೆ: ವೇಗ ಇಳಿಸಿ, ಓವರ್‌ಟೇಕ್ ಇಲ್ಲ, ಜಂಪನ್ನು ಹಾರದೆ ಉರುಳಿಸಿಕೊಂಡು ದಾಟಿ. ನೀಲಿ ಅಂದರೆ ಒಂದು ಸುತ್ತು ಮುಂದಿರುವವರು ಹಿಂದೆ ಬಂದಿದ್ದಾರೆ. ಆಗ ಥಟ್ಟನೆ ಪಕ್ಕಕ್ಕೆ ಎಳೆಯಬೇಡಿ, ನಿಮ್ಮ ಸಾಲಿನಲ್ಲೇ ನೇರ ಹೋಗಿ, ಅವರು ದಾಟಿಕೊಳ್ಳುತ್ತಾರೆ. ಕೆಂಪು ಅಂದರೆ ರೇಸ್ ನಿಂತಿದೆ. ಕೆಂಪು ಕ್ರಾಸ್ ಇರುವ ಬಿಳಿ ಬಾವುಟ ಕಂಡರೆ ವೈದ್ಯಕೀಯ ಸಿಬ್ಬಂದಿ ಟ್ರ್ಯಾಕಿನಲ್ಲಿದ್ದಾರೆ.

ಎರಡು ರೇಸಿನ ನಡುವೆ ಹೆಲ್ಮೆಟ್, ಕವಚ ಬಿಚ್ಚಿ ನೆರಳಿನಲ್ಲಿ ಕೂರಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ದೊಡ್ಡ ಪೊಟ್ಟಣವಾದರೆ ಒಂದು ಲೀಟರಿಗೆ, ಬೆರೆಸಿ ಗುಟುಕು ಗುಟುಕಾಗಿ ಕುಡಿಯಿರಿ. ಬಾಳೆಹಣ್ಣು ತಿನ್ನಿ. ಬಿರಿಯಾನಿ ಸಂಜೆಗೆ ಇರಲಿ.

ಸ್ಟಾರ್ಟಿನಲ್ಲಿ ಮೊದಲ ತಿರುವನ್ನು ಗೆಲ್ಲಲು ಹೋಗಬೇಡಿ. ಎಲ್ಲರೂ ಒಂದೇ ಜಾಗಕ್ಕೆ ನುಗ್ಗುವುದು ಅಲ್ಲಿ, ರಾಶಿಬೀಳುವುದೂ ಅಲ್ಲಿ. ಹೊರಬದಿಯಲ್ಲಿ ಒಂದು ಬೈಕಿನಷ್ಟು ಜಾಗ ಬಿಟ್ಟು ದಾಟಿ.

ಹಂತ 10: ಬಿದ್ದರೆ, ಮತ್ತು ನಿಲ್ಲಿಸಬೇಕಾದ ಲಕ್ಷಣಗಳು

ಬಿದ್ದ ತಕ್ಷಣ ಹಿಂದೆ ನೋಡಿ. ಬೈಕು ಎತ್ತುವ ಆತುರದಲ್ಲಿ ಟ್ರ್ಯಾಕಿನ ನಡುವೆ ಬೆನ್ನು ಮಾಡಿ ನಿಲ್ಲುವುದು ಹೊಸಬರು ಮಾಡುವ ಅತಿ ಅಪಾಯದ ತಪ್ಪು. ಟ್ರ್ಯಾಕ್ ಬದಿಯಲ್ಲಿ ನಿಂತು ಬಾವುಟ ತೋರಿಸುವ ಮಾರ್ಷಲ್ ಹಳದಿ ಬೀಸುತ್ತಿರುವುದು ಕಂಡ ಮೇಲೆ ಬೈಕು ಮುಟ್ಟಿ. ಸ್ಟಾರ್ಟ್ ಆಗದಿದ್ದರೆ ಅದನ್ನು ಬಿಟ್ಟು ಅಂಚಿಗೆ ಸರಿಯಿರಿ.

ಬೇರೆಯವರು ಬಿದ್ದು ಅಲುಗಾಡದೆ ಮಲಗಿದ್ದರೆ ಎಳೆದು ಕೂರಿಸಬೇಡಿ, ಹೆಲ್ಮೆಟ್ ಬಿಚ್ಚಬೇಡಿ. ಕುತ್ತಿಗೆಗೆ ಪೆಟ್ಟಾಗಿದ್ದರೆ ಆ ಎಳೆತವೇ ಜೀವನಪೂರ್ತಿ ಹಾಸಿಗೆ ಹಿಡಿಸಬಹುದು. ಆ ಕೆಲಸ ಆಂಬುಲೆನ್ಸಿನವರದು, ನೀವು ಅವರನ್ನು ಕರೆಯಿರಿ.

ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು, ವಾಂತಿ, ಬೆಳಕು ಚುಚ್ಚುವುದು, 'ಯಾವ ಲ್ಯಾಪು?' ಎಂದು ಅದನ್ನೇ ಮತ್ತೆ ಮತ್ತೆ ಕೇಳುವುದು, ಬಿದ್ದದ್ದೇ ನೆನಪಿಲ್ಲದಿರುವುದು, ಇವುಗಳಲ್ಲಿ ಒಂದಿದ್ದರೂ ಆ ದಿನ ಮತ್ತೆ ಬೈಕು ಹತ್ತುವಂತಿಲ್ಲ. ಮನೆಗೆ ವಾಹನ ಓಡಿಸಿಕೊಂಡು ಹೋಗುವಂತೆಯೂ ಇಲ್ಲ. ಆಸ್ಪತ್ರೆಗೆ ಜೊತೆಯಲ್ಲಿ ಯಾರಾದರೂ ಹೋಗಬೇಕು. ಏಟಾದ ಸವಾರ 'ಏನಿಲ್ಲ ಅಣ್ಣ, ಆರಾಮಿದ್ದೀನಿ' ಅಂದೇ ಅನ್ನುತ್ತಾನೆ. ಅವನ ಮಾತು ಆಗ ಲೆಕ್ಕಕ್ಕಿಲ್ಲ, ಜೊತೆಗಿದ್ದವರು ಗಟ್ಟಿ ಮನಸ್ಸು ಮಾಡಿ ಕೀಲಿ 'ನಾನಿಟ್ಟುಕೊಳ್ತೀನಿ' ಎಂದು ತೆಗೆದುಕೊಳ್ಳಬೇಕು.

ಬಿಸಿಲಿನ ಲಕ್ಷಣಗಳು ಬೇರೆ. ಸುಡುಬಿಸಿಲಿನಲ್ಲೂ ಮೈ ನವಿರೆದ್ದು ಚಳಿಯಾದಂತೆ ಅನ್ನಿಸಿದರೆ, ತಲೆ ಸುತ್ತಿದರೆ, ಮಾತು ತೊದಲಿದರೆ ಕೂಡಲೇ ನಿಲ್ಲಿಸಿ. ಗೇರೆಲ್ಲ ಬಿಚ್ಚಿ, ನೆರಳಿನಲ್ಲಿ ಮಲಗಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ, ವೈದ್ಯಕೀಯ ತಂಡವನ್ನು ಕರೆಯಿರಿ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ನೀರು ಹಾಕಬೇಡಿ.

ಭುಜದ ಮೇಲೆ ಬಿದ್ದು, ಕೈ ಎತ್ತಲು ಹೋದರೆ ಕಾಲರ್ ಬೋನ್ ಹತ್ತಿರ ಚುಚ್ಚಿದಂತೆ ನೋವಾದರೆ ಕೈಯನ್ನು ಎದೆಗೆ ಒತ್ತಿಕೊಂಡು ಎಕ್ಸ್‌ರೇಗೆ ಹೋಗಿ. ಹೆಲ್ಮೆಟ್ ಜೋರಾಗಿ ನೆಲಕ್ಕೆ ಬಡಿದಿದ್ದರೆ ಮನೆಗೆ ಬಂದ ಕೂಡಲೇ ಅದರ ಪಟ್ಟಿ ಕತ್ತರಿಸಿ ಎಸೆಯಿರಿ. ಪಟ್ಟಿ ಕತ್ತರಿಸದೆ ಮೂಲೆಯಲ್ಲಿಟ್ಟರೆ ಮುಂದಿನ ರೇಸಿಗೆ ತಮ್ಮನೋ ಗೆಳೆಯನೋ ಅದನ್ನೇ ತೊಟ್ಟು ಹೊರಡುತ್ತಾನೆ.